ಸಮುದ್ರಕ್ಕ ಬೇಕಾದ ಸಾಮಾನು

ಕಲಬುರಗಿ ಸೂಪರ್ ಮಾರ್ಕೆಟ್ಟು, ಎರಡನೇ ಮಾಳಿಗಿ,
ಮುಕರಂ ಭಾಯಿಯ ಅಂಗಡಿ.
ಬೇಳೆ ಮಿಲ್ಲಿನ ಹಳೇ ಕ್ಯಾಲೆಂಡರಿನ ಬೆನ್ನಿಗೆ
ಆತ ಉದ್ದ ಗೆರಿ ಹೊಡದು, ಪೆನ್ನು ತಡದು ಕೇಳಿದ:
"ಏನ್ ಕೆಲಸಕ್ರೀ ಆಪಾ? ಟೈಪಿಂಗೋ, ಗೇಮೋ?"

ಸಮುದ್ರ ಮಾಡಬೇಕು, ಅಂದೆ.

ಆತ ನಗಲಿಲ್ಲ. ಅದೇ ನನಗ ಸೇರಿತು.

ಏಳು ವರ್ಷ ಫ್ಲೆಕ್ಸಿನ ಅಂಗಡ್ಯಾಗ ಕುಂತು
ಹುಟ್ಟುಹಬ್ಬದ ಮೀಸಿಗಳ ಅಂಚು ಬಿಡಿಸೀನಿ,
ಹಿಂದಿನ ಗ್ವಾಡಿ ಅಳಿಸಿ ಅಲ್ಲೊಂದು ಸೂರ್ಯನ್ನ ಕುಂದ್ರಿಸೀನಿ.
ರಾತ್ರಿ ಮನ್ಯಾಗ ನನ್ನದೇ ಒಂದು ಮೀನು,
ನಲವತ್ತು ಸೆಕೆಂಡಿನ ಕಥಿ.
ಮೀನು ಆಯ್ತು, ರೆಕ್ಕಿ ಆಯ್ತು, ಕಣ್ಣಾಗಿನ ಹೊಳಪೂ ಆಯ್ತು.
ನೀರು ಮಾತ್ರ ಹಳೇ ಡಬ್ಬಿಗೆ ನೀಗಲಿಲ್ಲ.
ಒಂದು ತೆರಿಗೆ ಮೂರು ತಾಸು ಉಬ್ಬಸ ಬಿಟ್ಟು,
ಅಷ್ಟರಾಗ ಕರೆಂಟ್ ಹೋಗಿ,
ಮತ್ತ ಮೊದಲಿಂದ.

ಈಗ ಹನ್ನೊಂದು ತಿಂಗಳ ಭಿಶಿ ಚೀಲದಾಗ ಅದ,
ಚೀಲ ತೊಡಿ ಮ್ಯಾಲ, ಕೈ ಚೀಲದ ಮ್ಯಾಲ.

"ರ‍್ಯಾಮು ಮೂವತ್ತೆರಡು," ಆತ ಬರಕೊಂಡ.
"ಎಸ್‌ಎಂಪಿಎಸ್ ಸ್ವಸ್ತದ್ದು ಕೇಳಬ್ಯಾಡ್ರಿ,
ಚೀಲ ಹೊರೋ ಹಮಾಲನಿಗೆ ಅರ್ಧ ರೊಟ್ಟಿ ಹಾಕಿದಂಗ."
ಯುಪಿಎಸ್ಸು ಐದು ನಿಮಿಷ ಹಿಡದರ ಸಾಕು,
ಸೇವ್ ಮಾಡಿ ಉಸಿರು ಬಿಡಲಾಕ.
ಗಾಜಿನ ಕ್ಯಾಬಿನೆಟ್ಟು ತೋರಿಸಿದ, ಒಳಗ ಲೈಟು
ಕೆಂಪು, ಹಸಿರು, ಮದುವಿ ಮನಿಯಂಗ ಓಡ್ಯಾಡ್ತಿತ್ತು.
ಬ್ಯಾಡ. ಬಣ್ಣ ನಾ ಹಾಕತೀನಿ.
ಜಾಳಗಿ ಇರೋದು ಕೊಡ್ರಿ, ಮೇ ತಿಂಗಳು ನಮ್ಮದು,
ಧೂಳು ನಾ ಒರಸತೀನಿ.
"ನೀರು ತಿರಗೋ ಕೂಲರ್ ಬಂದದ..."
ಐದು ದಿನಕ್ಕೊಮ್ಮೆ ನಳ ಬರೋ ಓಣ್ಯಾಗ
ಪೆಟ್ಟಿಗಿಗೆ ನೀರು ಕುಡಿಸಲೇನು?
"ಅದು ಒಮ್ಮೆ ತುಂಬಿದ್ದೇ ರೀ!"
ಇರಲಿ ಭಾಯಿ. ಗಾಳೀನೇ ಸಾಕು.

ಕಡೀಕ ಎರಡು ಉಳದವು, ರೊಕ್ಕ ಒಂದಕ್ಕ.
ದೊಡ್ಡ ಗ್ರಾಫಿಕ್ಸ್ ಕಾರ್ಡು, ಇಲ್ಲಾ ಛಲೋ ಮಾನಿಟರು.
ಎರಡು ಪರದಿ ಬಾಜೂಕ ಬಾಜೂಕ ಹಚ್ಚಿಸಿ
ಒಂದೇ ನೀಲಿ ತಗದೆ.
ಒಂದರಾಗ ಅಂಗಿ ತೊಳಿಯೋ ನೀಲಿ,
ಇನ್ನೊಂದರಾಗ ಶಾಯಿ.
ಯಾವುದು ಸಮುದ್ರ?
ನಾ ಅಂತೂ ನೋಡಿಲ್ಲ.

"ನಾ ನೋಡೀನಿ," ಮುಕರಂ ಅಂದ, "ಹಾಜಿ ಅಲಿಗೆ ಹೋದಾಗ.
ನೀಲಿ ಗೀಲಿ ಏನಿಲ್ಲ ಆಪಾ. ಚಹಾ ಇದ್ದಂಗ.
ಹಾಲು ಕಮ್ಮಿ ಬಿದ್ದ ಚಹಾ."

ಸುಮ್ಮ ಕುಂತೆ.
ಎರಡು ವರ್ಷದಿಂದ ತೀಡಿದ ನೀಲಿ ಎಲ್ಲಾ
ಒಂದು ಮಾತಿಗೆ ಇಳದು ಹೋಯ್ತು.
ಆಮ್ಯಾಲ ಫೋನಿನಾಗ ಇದ್ದ ಫೋಟೋ ಒಂದು ಹಾಕಿಸಿದೆ,
ನಮ್ಮ ಅಂಗಳದ ಶಹಾಬಾದ್ ಹಾಸು, ಮ್ಯಾಲ ಚೆಲ್ಲಿದ ಚಹಾ.
ಸ್ವಸ್ತದ ಪರದ್ಯಾಗ ಅದು ಬರೇ ಹೊಲಸು.
ಇನ್ನೊಂದರಾಗ ಕಲ್ಲು ಬ್ಯಾರೆ, ಕಲ್ಲಿನ ತೇವ ಬ್ಯಾರೆ,
ಕಂದಿನೊಳಗ ಕಂದು, ಅಂಚಿನಾಗ ಒಂದು ಎಳಿ ಹಸಿರು,
ನನ್ನ ಅಂಗಳ ನಾನೇ ಮೊದಲ ಸಲ ನೋಡಿದಂಗ.

ಇದು ಕೊಡ್ರಿ. ಕಾರ್ಡು ಸಣ್ಣದೇ ಇರಲಿ.

"ತೆರಿ ತಡಾ ಆಗತಾವ ನೋಡ್ರಿ."

ಆಗಲಿ. ನಮ್ಮ ಓಣ್ಯಾಗ ನೀರು ಯಾವಾಗ ಲಗೂನ ಬಂದಾವ?

*

ಮೊದಲ ರಾತ್ರಿ. ರೆಂಡರಿಗೆ ಹಚ್ಚಿ ದೀಪ ಆರಿಸೀನಿ.
ಪೆಟ್ಟಿಗ್ಯಾಗಿನ ಫ್ಯಾನು ಸುಯ್ಯ ಅಂತದ,
ಖಾಲಿ ನಳದಾಗ ಮೊದಲು ಗಾಳಿ ಬರ್ತದಲ್ಲ, ಹಂಗ.

ಅವ್ವ ಕತ್ತಲದಾಗ ಎದ್ದು, ಸೆರಗು ಸಿಗಿಸಿ,
ಕೊಡ ಹಿಡಕೊಂಡು ಬಾಗಲಕ ಬಂದಾಳ.
"ನೀರು ಬಂದಾವೇನ?"

ಇನ್ನೂ ಇಲ್ಲವ್ವ.
ಹನ್ನೆರಡು ಪರ್ಸೆಂಟ್.